ತರಬೇತಿ ಮಗುವಿನ ತಪ್ಪು ಉತ್ತರದಿಂದ ಶುರುವಾಗಲಿ

ಕರ್ನಾಟಕದ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ, ಗಣಿತ, ಪರಿಸರ ಅಧ್ಯಯನ ಮೂರನ್ನೂ ಬಹುಮಟ್ಟಿಗೆ ಒಬ್ಬರೇ ಶಿಕ್ಷಕರು ಕಲಿಸುತ್ತಾರೆ. ಆ ಹುದ್ದೆಗೆ ಬೇಕಾದ ಡಿ.ಎಡ್. ಕೋರ್ಸಿಗೆ (ಈಗಿನ ಹೆಸರು ಡಿ.ಎಲ್.ಎಡ್.) ಸೇರಲು ಪಿಯುಸಿ ಆಗಿರಬೇಕು, ಯಾವ ವಿಭಾಗದಲ್ಲಿ ಎಂಬ ಕಟ್ಟುಪಾಡಿಲ್ಲ. ಕಲಾ ವಿಭಾಗ ಓದಿ ಬಂದವರು ಗಣಿತದ ಪುಸ್ತಕವನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ದಿನವೇ ಮುಚ್ಚಿಟ್ಟಿರುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಅವರೇ ಒಂಬತ್ತು ವರ್ಷದ ಮಕ್ಕಳ ಮುಂದೆ ನಿಂತು ಭಿನ್ನರಾಶಿ ಎಂದರೇನು ಎಂದು ಹೇಳಿಕೊಡಬೇಕು. ಪ್ರೌಢಶಾಲೆಯಲ್ಲಿ ಇದೇ ಸಮಸ್ಯೆ ಬೇರೆ ರೂಪದಲ್ಲಿದೆ. ಅಲ್ಲಿ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕರು, ಸಿಬಿಝಡ್ (ರಸಾಯನವಿಜ್ಞಾನ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರು ಎಂದು ಎರಡು ಬಗೆಯ ಹುದ್ದೆಗಳಿವೆ. ಒಂದು ಹುದ್ದೆ ಖಾಲಿ ಇದ್ದರೆ ಇನ್ನೊಬ್ಬರೇ ಇಡೀ ವಿಜ್ಞಾನವನ್ನು ಹೊರಬೇಕು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ಪಿಯುಸಿಯಲ್ಲಿ ಬಿಟ್ಟುಬಂದ ವಿದ್ಯುತ್ತನ್ನೂ ಬೆಳಕಿನ ವಕ್ರೀಭವನವನ್ನೂ ಹತ್ತನೇ ತರಗತಿಗೆ ಪಾಠ ಮಾಡಬೇಕು.

ಇದು ಶಿಕ್ಷಕರ ಮೇಲಿನ ದೂರಲ್ಲ. ವ್ಯವಸ್ಥೆ ಅವರನ್ನು ತಂದು ನಿಲ್ಲಿಸಿದ ಜಾಗವೇ ಅಂಥದು. ಹಾಗೆ ತಂದು ನಿಲ್ಲಿಸಿದ ಮೇಲೆ ಅವರ ಕೈ ಹಿಡಿಯುವ ಹೊಣೆಯೂ ವ್ಯವಸ್ಥೆಯದೇ. ಆ ಹೊಣೆಗೆ ನಾವು ಇಟ್ಟುಕೊಂಡಿರುವ ಹೆಸರು ಸೇವಾನಿರತ ತರಬೇತಿ.

ಆ ತರಬೇತಿ ಹೇಗಿರುತ್ತದೆಂದು ಶಿಕ್ಷಕರ ಮನೆಯವರಿಗೆಲ್ಲ ಗೊತ್ತು. ರಾಜ್ಯಮಟ್ಟದಲ್ಲಿ ಒಂದು ಮಾಡ್ಯೂಲ್ ತಯಾರಾಗುತ್ತದೆ. ಕೆಲವರು ಅಲ್ಲಿ ಕಲಿತು ಮಾಸ್ಟರ್ ಟ್ರೈನರ್ ಆಗುತ್ತಾರೆ, ಅವರು ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಇನ್ನಷ್ಟು ಸಂಪನ್ಮೂಲ ವ್ಯಕ್ತಿಗಳನ್ನು ಸಿದ್ಧಮಾಡುತ್ತಾರೆ, ಅವರು ತಾಲ್ಲೂಕಿನ ಬಿಆರ್‌ಸಿ ಸಭಾಂಗಣದಲ್ಲಿ ಐವತ್ತು ಅರವತ್ತು ಶಿಕ್ಷಕರ ಮುಂದೆ ನಿಲ್ಲುತ್ತಾರೆ. ಬೆಳಿಗ್ಗೆ ಒಂದು ಹಾಡು, ಗುಂಪು ಮಾಡುವ ಆಟ, ಗುಂಪು ಚರ್ಚೆ, ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನ ಬರಹ, ಗುಂಪಿನ ನಾಯಕರ ಮಂಡನೆ, ಚಪ್ಪಾಳೆ. ಮಧ್ಯಾಹ್ನ ಪಿಪಿಟಿ. ಕೊನೆಯ ದಿನ ಹಿಮ್ಮಾಹಿತಿ ನಮೂನೆ, ಹಾಜರಾತಿ ಪ್ರಮಾಣಪತ್ರ. ಎಲ್ಲರೂ ದುಡಿದಿರುತ್ತಾರೆ, ಯಾರ ಮೇಲೂ ಬೆರಳು ತೋರಿಸುವಂತಿಲ್ಲ. ಆದರೂ ಸೋಮವಾರ ಶಾಲೆಗೆ ಹೋಗಿ ಬೋರ್ಡಿನ ಮುಂದೆ ನಿಂತಾಗ ಶಿಕ್ಷಕರ ಕೈಗೆ ಬರುವುದು ಹಳೆಯ ಪಾಠವೇ. ಇದು ವರ್ಷ ವರ್ಷವೂ ಹೀಗೇ ಆಗುವುದಕ್ಕೆ ಒಂದು ಕಾರಣವಿದೆ. ನಮ್ಮ ತರಬೇತಿಗಳು ಕಲಿಸುವ ವಿಧಾನದ ಬಗ್ಗೆ ತುಂಬ ಮಾತಾಡುತ್ತವೆ. ಮಗು ಏನು ಯೋಚಿಸುತ್ತಿದೆ, ಆ ಗಣಿತ ಯಾಕೆ ಹಾಗಿದೆ, ಆ ಪ್ರಯೋಗ ನಿಜವಾಗಿ ಏನನ್ನು ತೋರಿಸುತ್ತದೆ ಎಂಬ ಮೂರು ಪ್ರಶ್ನೆಗಳ ಹತ್ತಿರ ಮಾತ್ರ ಅವು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಒಂದು ಚಿಕ್ಕ ಲೆಕ್ಕ ತೆಗೆದುಕೊಳ್ಳೋಣ. 0.45 ಮತ್ತು 0.5, ಇವೆರಡರಲ್ಲಿ ಯಾವುದು ದೊಡ್ಡದು? ಐದು ಆರನೇ ತರಗತಿಯ ಅನೇಕ ಮಕ್ಕಳು 0.45 ಎನ್ನುತ್ತಾರೆ. 45 ದೊಡ್ಡದು, 5 ಚಿಕ್ಕದು, ಹಾಗಾಗಿ. ದಶಮಾಂಶ ಬಿಂದುವಿನ ಬಲಗಡೆಯನ್ನೂ ಅವರು ಪೂರ್ಣಸಂಖ್ಯೆಯ ಹಾಗೆಯೇ ಓದುತ್ತಿದ್ದಾರೆ. ಇನ್ನು ಕೆಲವರು 0.5 ಎನ್ನುತ್ತಾರೆ. ಶಿಕ್ಷಕರು ರೈಟ್ ಹಾಕಿ ಮುಂದೆ ಹೋಗುತ್ತಾರೆ. ಹಾಗೆ ಹೋಗುವ ಮುನ್ನ ಅದೇ ಮಗುವಿಗೆ 0.3 ಮತ್ತು 0.87 ಕೊಟ್ಟು ನೋಡಬೇಕು. ಅವರಲ್ಲಿ ಕೆಲವರು 0.3 ದೊಡ್ಡದು ಎಂದುಬಿಡುತ್ತಾರೆ. ಹತ್ತನೇ ಒಂದು ಭಾಗ ದೊಡ್ಡ ತುಂಡು, ನೂರನೇ ಒಂದು ಭಾಗ ಚಿಕ್ಕ ತುಂಡು, ಆದ್ದರಿಂದ ಹತ್ತನೆಯದಕ್ಕೇ ನಿಂತ ಸಂಖ್ಯೆ ದೊಡ್ಡದು ಎಂಬುದು ಅವರ ತರ್ಕ. ಅದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಗಟ್ಟಿಯಾಗಿ ಉಳಿಯುತ್ತದೆ. ಮೊದಲ ಪ್ರಶ್ನೆಗೆ ಆ ಮಗು ಕೊಟ್ಟ ಸರಿ ಉತ್ತರದ ಹಿಂದೆ ಒಂದು ತಪ್ಪು ಕಲ್ಪನೆ ಅಡಗಿ ಕೂತಿತ್ತು. ಶಿಕ್ಷಕರ ಕೆಂಪು ಪೆನ್ನಿಗೆ ಅದು ಸಿಕ್ಕಲೇ ಇಲ್ಲ.

ಇದಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಪರಿಹಾರವೆಂದರೆ ಕೊನೆಗೆ ಸೊನ್ನೆ ಸೇರಿಸಿ ಅಂಕಿಗಳನ್ನು ಸಮ ಮಾಡುವುದು. 0.50, 0.45 ಎಂದು ಬರೆದರೆ ಉತ್ತರ ತಾನಾಗಿ ಕಾಣುತ್ತದೆ. ಆದರೆ ಎರಡೂ ಬಗೆಯ ಮಕ್ಕಳ ಮನಸ್ಸಿನಲ್ಲಿದ್ದ ಕಲ್ಪನೆ ಇದ್ದಲ್ಲೇ ಇರುತ್ತದೆ. ಈ ಕಾಯಿಲೆಯನ್ನು ಪತ್ತೆಹಚ್ಚಲು ಶಿಕ್ಷಕರಿಗೆ ಯಾವ ಜೋಡಿ ಸಂಖ್ಯೆ ಕೊಟ್ಟರೆ ಯಾವ ತಪ್ಪು ಹೊರಬರುತ್ತದೆಂದು ತಿಳಿದಿರಬೇಕು. ಬಿ.ಎಸ್ಸಿ.ಯ ಕಲನಶಾಸ್ತ್ರ ಇದನ್ನು ಹೇಳಿಕೊಡುವುದಿಲ್ಲ. ಬಿ.ಎಡ್.ನ ಮನೋವಿಜ್ಞಾನದ ಪತ್ರಿಕೆಯೂ ಹೇಳಿಕೊಡುವುದಿಲ್ಲ. ಎರಡರ ನಡುವೆ ಒಂದು ಜ್ಞಾನವಿದೆ, ಕಲಿಸುವ ಕೆಲಸಕ್ಕಷ್ಟೇ ಸೇರಿದ ವಿಷಯಜ್ಞಾನ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟರು. ಇಂಜಿನಿಯರಿಗೆ, ಬ್ಯಾಂಕ್ ಗುಮಾಸ್ತರಿಗೆ 0.5 ದೊಡ್ಡದು ಎಂದು ಗೊತ್ತಿದ್ದರೆ ಸಾಕು. ಒಬ್ಬ ಹುಡುಗಿ ಯಾಕೆ ಹಾಗಂದುಕೊಂಡಿಲ್ಲ ಎಂದು ತಿಳಿಯಬೇಕಾದವರು ಲೋಕದಲ್ಲಿ ಶಿಕ್ಷಕರು ಮಾತ್ರ.

ಈ ಜ್ಞಾನ ದೊಡ್ಡ ಪದವಿಗಳಿಂದ ಬರುವುದಿಲ್ಲ ಎಂಬುದಕ್ಕೆ ಚೀನಾ ಮೂಲದ ಸಂಶೋಧಕಿ ಲಿಪಿಂಗ್ ಮಾ ಅವರ 1999ರ ಪುಸ್ತಕ ಒಳ್ಳೆಯ ಸಾಕ್ಷಿ. ಅವರು ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರ ಉತ್ತರಗಳನ್ನು ಹೋಲಿಸಿ ನೋಡಿದರು. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಆಮೇಲೆ ಆ ಲೆಕ್ಕಕ್ಕೆ ಹೊಂದುವ ಒಂದು ಕಥೆ ಕಟ್ಟಿ ಎಂಬುದು ಪ್ರಶ್ನೆಗಳಲ್ಲೊಂದು. ಅಮೆರಿಕದವರಲ್ಲಿ ಲೆಕ್ಕವನ್ನು ಪೂರ್ತಿ ಸರಿಯಾಗಿ ಮಾಡಿದವರು ಅರ್ಧಕ್ಕಿಂತ ಕಡಿಮೆ. ಹೊಂದುವ ಕಥೆ ಕಟ್ಟಿದ್ದು ಒಬ್ಬರೇ. ಬಹಳ ಜನ ಅರ್ಧದಿಂದ ಭಾಗಿಸುವುದನ್ನೂ ಅರ್ಧ ಮಾಡುವುದನ್ನೂ ಒಂದೇ ಎಂದುಕೊಂಡು ಇಬ್ಬರಿಗೆ ಸಮನಾಗಿ ಹಂಚುವ ಕಥೆ ಹೇಳಿದರು. ಚೀನಾದ 72 ಜನವೂ ಲೆಕ್ಕ ಸರಿಯಾಗಿ ಮಾಡಿದರು, ಅವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಜನ ಹೊಂದುವ ಕಥೆಯನ್ನೂ ಕಟ್ಟಿದರು. ವಿಶೇಷವೆಂದರೆ ಅಮೆರಿಕದವರು ಕಾಲೇಜು ಪದವೀಧರರು. ಚೀನಾದವರು ಒಂಬತ್ತನೇ ತರಗತಿ ಮುಗಿಸಿ ಎರಡು ಮೂರು ವರ್ಷದ ಶಿಕ್ಷಕ ತರಬೇತಿ ಪಡೆದವರು, ನಮ್ಮ ಹಳೆಯ ಟಿಸಿಎಚ್ ಶಿಕ್ಷಕರ ಹಾಗೆ. ಚೀನಾದವರು ಗಣಿತವನ್ನು ಆಳವಾಗಿ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಸಹೋದ್ಯೋಗಿಗಳ ಜೊತೆ ವಾರ ವಾರ ಕೂತು ಪಠ್ಯಪುಸ್ತಕವನ್ನು ಸಾಲು ಸಾಲಾಗಿ ಓದಿ ಚರ್ಚಿಸಿ. ನಮ್ಮ ಯಾವ ಶಿಕ್ಷಕರಿಗೂ ಇದು ಆಗದ ಮಾತಲ್ಲ. ಒಂದೂಮುಕ್ಕಾಲು ಲೀಟರ್ ಹಾಲಿನಲ್ಲಿ ಅರ್ಧ ಲೀಟರಿನ ಪ್ಯಾಕೆಟ್ ಎಷ್ಟು ತುಂಬಬಹುದು ಎಂದು ಕೇಳಿದರೆ ಮೂರೂವರೆ ಎಂದು ನಮ್ಮ ಹಳ್ಳಿಯ ಡೇರಿಯಲ್ಲಿ ಯಾರಾದರೂ ಹೇಳುತ್ತಾರೆ. ತರಗತಿಯಲ್ಲಿ ಮಾತ್ರ ಅದು ‘ತಲೆಕೆಳಗು ಮಾಡಿ ಗುಣಿಸು’ ಎಂಬ ಅಪ್ಪಣೆಯಾಗಿ ಉಳಿದಿದೆ.

ವಿಜ್ಞಾನದಲ್ಲಿ ಈ ಮಾತು ಇನ್ನೂ ಎದ್ದು ಕಾಣುತ್ತದೆ. ತಟ್ಟೆಯಲ್ಲಿ ಬಣ್ಣದ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ, ಅದರ ಮೇಲೆ ಗಾಜಿನ ಲೋಟ ಬೋರಲು ಹಾಕುವ ಪ್ರಯೋಗ ಎಲ್ಲರಿಗೂ ನೆನಪಿರುತ್ತದೆ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಉರಿಯುವಾಗ ಆಮ್ಲಜನಕ ಖರ್ಚಾಯಿತು, ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕವಿದೆ, ಅಷ್ಟೇ ನೀರು ಮೇಲೇರಿತು ಎಂದು ತಲೆಮಾರುಗಳಿಂದ ಪಾಠ ಮಾಡಿದ್ದೇವೆ. ಹಳೆಯ ಪುಸ್ತಕಗಳಲ್ಲೂ ಗೈಡುಗಳಲ್ಲೂ ಹಾಗೇ ಇತ್ತು. ತರಬೇತಿಯಲ್ಲಿ ಇದನ್ನು ಒಂದು ಬತ್ತಿ ಇಟ್ಟು ಮಾಡಿ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಎರಡು ಬತ್ತಿ ಇಡಿ, ಮೂರು ಇಡಿ. ನೀರು ಹೆಚ್ಚು ಹೆಚ್ಚು ಏರುತ್ತದೆ. ಲೋಟದೊಳಗಿನ ಆಮ್ಲಜನಕವಂತೂ ಬತ್ತಿಗಳ ಸಂಖ್ಯೆ ನೋಡಿ ಹೆಚ್ಚುವುದಿಲ್ಲ. ಇನ್ನೂ ಗಮನವಿಟ್ಟರೆ, ಬತ್ತಿ ಉರಿಯುತ್ತಿರುವಾಗ ನೀರು ಹೆಚ್ಚು ಏರುವುದೇ ಇಲ್ಲ, ಆರಿದ ಮೇಲೆ ಸರ್ರನೆ ಏರುತ್ತದೆ. ಲೋಟ ಮುಚ್ಚುವಾಗ ಅಂಚಿನಿಂದ ಒಂದೆರಡು ಗುಳ್ಳೆ ಹೊರಗೆ ಹೋಗುವುದೂ ಕೆಲವೊಮ್ಮೆ ಕಾಣುತ್ತದೆ. ಜ್ವಾಲೆಯ ಬಿಸಿಗೆ ಹಿಗ್ಗಿದ ಗಾಳಿ ಸ್ವಲ್ಪ ಹೊರಬಿದ್ದಿದೆ, ಉಳಿದದ್ದು ಆರಿ ಕುಗ್ಗಿದಾಗ ಹೊರಗಿನ ವಾಯುವಿನ ಒತ್ತಡ ನೀರನ್ನು ಒಳಕ್ಕೆ ತಳ್ಳಿದೆ. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿರುತ್ತದೆ. ಅದು ಖರ್ಚಾದ ಜಾಗಕ್ಕೆ ಇಂಗಾಲದ ಡೈಆಕ್ಸೈಡ್, ನೀರಾವಿ ಬಂದಿರುತ್ತವೆ.

ಎರಡನೇ ಬತ್ತಿಯನ್ನು ಹಚ್ಚಿ ನೋಡುವ ಮನಸ್ಸೇ ವಿಜ್ಞಾನ. ಅದನ್ನು ಪಿಪಿಟಿಯಲ್ಲಿ ತುಂಬಿ ಕಳಿಸಲಾಗದು. ಶಿಕ್ಷಕರು ತಾವೇ ನೆಲದ ಮೇಲೆ ಕೂತು ಹಚ್ಚಬೇಕು, ಪಕ್ಕದ ಗುಂಪಿನ ಅಳತೆ ತಮ್ಮದಕ್ಕೆ ಹೊಂದದೆ ಜಗಳಾಡಬೇಕು, ಪುಸ್ತಕದಲ್ಲಿರುವುದು ತಪ್ಪಿರಬಹುದು ಎಂದು ಹೇಳುವ ಧೈರ್ಯ ಬರಬೇಕು. ಒಂದು ಸಲ ಹಾಗೆ ಅನುಮಾನಿಸಿ ಗೆದ್ದ ಶಿಕ್ಷಕರು ತರಗತಿಯಲ್ಲಿ ಅನುಮಾನಿಸುವ ಮಗುವನ್ನು ಸುಮ್ಮನಿರಿಸುವುದಿಲ್ಲ.

ಇಂಥ ತರಬೇತಿ ಸರ್ಕಾರಿ ಶಾಲೆಗಳಲ್ಲಿ ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ದೇಶದಲ್ಲೇ ಉತ್ತರವಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ (ಈಗ ಅದು ನರ್ಮದಾಪುರಂ) 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಮತ್ತು ಕಿಶೋರ್ ಭಾರತಿ ಎಂಬ ಎರಡು ಸಂಸ್ಥೆಗಳು ಅದನ್ನು ಕಟ್ಟಿದವು. ಕಿಶೋರ್ ಭಾರತಿಯ ಅನಿಲ್ ಸದ್ಗೋಪಾಲ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಬಿಟ್ಟು ಹಳ್ಳಿಗೆ ಬಂದವರು. ಆ ಸಂಸ್ಥೆಯ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಅಧ್ಯಾಪಕರು ಅವರ ಜೊತೆ ನಿಂತರು. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ವಿಸ್ತರಿಸಿತು. 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿ ಇದರ ಹೊಣೆ ಹೊತ್ತ ಮೇಲೆ ರಾಜ್ಯದ ಇತರ ಜಿಲ್ಲೆಗಳಿಗೂ, ನೂರಾರು ಸರ್ಕಾರಿ ಶಾಲೆಗಳಿಗೂ ಹೋಯಿತು.

ಅಲ್ಲಿನ ಶಿಕ್ಷಕರಲ್ಲಿ ಎಷ್ಟೋ ಜನ ವಿಜ್ಞಾನ ಪದವೀಧರರಾಗಿರಲಿಲ್ಲ. ಬೇಸಿಗೆ ರಜೆಯಲ್ಲಿ ಮೂರು ವಾರದ ತರಬೇತಿ, ಆರು, ಏಳು, ಎಂಟನೇ ತರಗತಿಗೆ ಒಂದೊಂದರಂತೆ ಮೂರು ವರ್ಷ. ಮಕ್ಕಳು ಮಾಡಬೇಕಾದ ಪ್ರತಿಯೊಂದು ಪ್ರಯೋಗವನ್ನೂ ಶಿಕ್ಷಕರೇ ಮೊದಲು ಮಾಡುತ್ತಿದ್ದರು, ಮಕ್ಕಳ ಹಾಗೇ ಗುಂಪಿನಲ್ಲಿ ಕೂತು. ಅಳತೆಯಲ್ಲಿ ಬರುವ ಏರುಪೇರು ಅಲ್ಲಿ ಒಂದು ಪಾಠವೇ ಆಗಿತ್ತು. ಒಂದೇ ಮೇಜನ್ನು ಹತ್ತು ಜನ ಅಳೆದರೆ ಹತ್ತು ಉತ್ತರ ಬಂದಾಗ ಯಾವುದು ಸರಿ ಎಂಬ ಪ್ರಶ್ನೆಯನ್ನು ಆ ಶಿಕ್ಷಕರು ಮೊದಲ ಬಾರಿಗೆ ಎದುರಿಸಿದರು. ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಅನೇಕರು ರೆಕಾರ್ಡ್ ಪುಸ್ತಕದಲ್ಲಿ ಬರಬೇಕಾದ ಉತ್ತರವನ್ನು ಮೊದಲೇ ತಿಳಿದುಕೊಂಡು ರೀಡಿಂಗ್ ಬರೆಯುವುದನ್ನು ಕಂಡವರಿಗೆ ಆ ಪ್ರಶ್ನೆಯ ಬೆಲೆ ಗೊತ್ತು.

ಆದರೆ ಹೋಶಂಗಾಬಾದಿನ ಗುಟ್ಟು ಬೇಸಿಗೆಯ ಮೂರು ವಾರದಲ್ಲಿರಲಿಲ್ಲ, ಉಳಿದ ತಿಂಗಳುಗಳಲ್ಲಿತ್ತು. ಪ್ರತಿ ತಿಂಗಳು ಸುತ್ತಲಿನ ಶಾಲೆಗಳ ವಿಜ್ಞಾನ ಶಿಕ್ಷಕರು ಒಂದು ಕಡೆ ಸೇರುತ್ತಿದ್ದರು. ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಎಂಥ ಪ್ರಶ್ನೆ ಕೇಳಿದರು, ಮುಂದಿನ ಅಧ್ಯಾಯದಲ್ಲಿ ಎಲ್ಲಿ ಎಡವಬಹುದು ಎಂಬ ಚರ್ಚೆ ನಡೆಯುತ್ತಿತ್ತು. ತರಬೇತಿ ಕೊಟ್ಟವರೇ ಶಾಲೆಗೆ ಬಂದು ತರಗತಿಯಲ್ಲಿ ಕೂರುತ್ತಿದ್ದರು, ತಪಾಸಣೆಗಲ್ಲ, ಜೊತೆಗಿರಲು. ಶಿಕ್ಷಕರು ಹೇಳಿದ್ದನ್ನು ಕೇಳಿ ‘ಬಾಲ ವೈಜ್ಞಾನಿಕ’ ಎಂಬ ಪಠ್ಯಪುಸ್ತಕವನ್ನೇ ತಿದ್ದಿ ಬರೆದರು. ಪರೀಕ್ಷೆಯೂ ಬದಲಾಯಿತು, ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ, ಜೊತೆಗೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆ. ವರ್ಷಗಳು ಕಳೆದಂತೆ ಆ ಹಳ್ಳಿ ಶಾಲೆಗಳ ಶಿಕ್ಷಕರೇ ಬೇರೆ ಜಿಲ್ಲೆಗಳಿಗೆ ಹೋಗಿ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗಳಾದರು. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷ ಸರ್ಕಾರಿ ಶಾಲೆಗಳ ಒಳಗೇ, ಸರ್ಕಾರಿ ಶಿಕ್ಷಕರಿಂದಲೇ ನಡೆದ ಕೆಲಸ ಒಂದು ಆದೇಶದಲ್ಲಿ ಮುಗಿಯಿತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಅದು ಮುಗಿದದ್ದರಿಂದ ಅದು ಸೋತಿತು ಎಂದು ತೀರ್ಮಾನಿಸುವುದು ಮಾತ್ರ ಅನ್ಯಾಯ.

ನಮ್ಮ ರಾಜ್ಯದ ಅನುಭವವೂ ಇದನ್ನೇ ಹೇಳುತ್ತದೆ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದಾಗ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು ಕಲಿಕಾ ಕಾರ್ಡುಗಳನ್ನು ತಾವೇ ಬರೆದರು, ಮಕ್ಕಳ ಮುಂದಿಟ್ಟು ನೋಡಿ ತಿದ್ದಿದರು. ಯಾವ ಕಾರ್ಡು ಯಾಕೆ ಆ ಮೆಟ್ಟಿಲಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ಇಟ್ಟವರು ಅವರೇ ಆದ್ದರಿಂದ. ಮುಂದೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ವಿಸ್ತರಿಸಿದಾಗ ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು, ಜೊತೆಗೆ ಸೂಚನೆಗಳೂ ಬಂದವು. ಕಾರ್ಡು ತಲುಪಿತು, ಕಾರ್ಡು ಬರೆದ ಅನುಭವ ತಲುಪಲಿಲ್ಲ. ಎಷ್ಟೋ ಶಾಲೆಗಳಲ್ಲಿ ಇವತ್ತಿಗೂ ನಲಿ-ಕಲಿ ಚೆನ್ನಾಗಿ ನಡೆಯುತ್ತಿದೆ. ಅಂಥ ಕಡೆ ಹೋಗಿ ನೋಡಿದರೆ ಒಬ್ಬ ಶಿಕ್ಷಕಿ ಆ ಕಾರ್ಡುಗಳನ್ನು ತನ್ನ ಮಕ್ಕಳಿಗೆ ತಕ್ಕಂತೆ ಬದಲಾಯಿಸಿಕೊಂಡಿರುತ್ತಾರೆ, ಅಂದರೆ ಮತ್ತೆ ತಾನೇ ಬರೆದುಕೊಂಡಿರುತ್ತಾರೆ.

ಹೀಗಾಗಿ ಮೇಲಿನಿಂದ ಕೆಳಕ್ಕೆ ಇಳಿಯುವ ತರಬೇತಿಯ ಬಗ್ಗೆ ನನಗಿರುವ ಆಕ್ಷೇಪ ಅದರ ಹಂತಗಳ ಮೇಲಲ್ಲ. ಹೊಸ ಪಠ್ಯಪುಸ್ತಕ ಬಂದಿದೆ, ಪ್ರಶ್ನೆಪತ್ರಿಕೆಯ ವಿನ್ಯಾಸ ಬದಲಾಗಿದೆ ಎಂಬ ಸುದ್ದಿಯನ್ನು ಅದು ಸರಿಯಾಗಿಯೇ ತಲುಪಿಸುತ್ತದೆ. ಸಂದೇಹವನ್ನು ಅದು ತಲುಪಿಸಲಾರದು. ಬೆಂಗಳೂರಿನಲ್ಲಿ ಮೂರು ಬತ್ತಿ ಹಚ್ಚಿ ಆಶ್ಚರ್ಯಪಟ್ಟವರಿಗೆ ಜಿಲ್ಲೆಯಲ್ಲಿ ಒಂದೇ ಬತ್ತಿ ಹಚ್ಚಲು ಪುರುಸೊತ್ತು ಸಿಗುತ್ತದೆ, ತಾಲ್ಲೂಕಿಗೆ ಬರುವಷ್ಟರಲ್ಲಿ ಬತ್ತಿಯ ಚಿತ್ರ ಉಳಿಯುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಷ್ಠಾ ತರಬೇತಿ ಕೋವಿಡ್ ಕಾಲದಲ್ಲಿ ದೀಕ್ಷಾ ವೇದಿಕೆಗೆ ಹೋದಾಗ ನಡುವಿನ ಹಂತಗಳೇ ಇಲ್ಲವಾದವು. ಒಳ್ಳೆಯ ವಿಡಿಯೊ ನೇರವಾಗಿ ಮೊಬೈಲಿಗೆ ಬಂತು, ಪ್ರಮಾಣಪತ್ರವೂ ಬಂತು. ವಿಡಿಯೊದಿಂದ ಉಪಯೋಗವಿಲ್ಲವೆಂದು ನಾನು ಹೇಳುವುದಿಲ್ಲ, ಒಂದು ಪ್ರಯೋಗವನ್ನು ಎರಡು ಸಲ ನಿಲ್ಲಿಸಿ ನೋಡಲು ಅದು ಒಳ್ಳೆಯದೇ. ಆದರೆ ಎದುರಿಗೆ ಕೂತು ‘ಅದು ಹೇಗೆ ಮೇಷ್ಟ್ರೇ?’ ಎಂದು ಕೇಳುವವರು ಮೊಬೈಲಿನಲ್ಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆ ಬೇಕೆನ್ನುತ್ತದೆ. ಗಂಟೆ ಎಣಿಸುವುದು ಸುಲಭ. ಆ ಗಂಟೆಗಳಲ್ಲಿ ಒಂದು ಮಗುವಿನ ನೋಟ್‌ಬುಕ್ಕಾದರೂ ಮೇಜಿನ ಮೇಲೆ ಬಂತೇ ಎಂದು ಯಾವ ವರದಿಯ ನಮೂನೆಯೂ ಕೇಳುವುದಿಲ್ಲ.

ಪ್ರೌಢಶಾಲೆಯ ಶಿಕ್ಷಕರು ಇಲ್ಲಿ ಒಂದು ನ್ಯಾಯವಾದ ಮಾತು ಎತ್ತುತ್ತಾರೆ. ನೀವು ದಶಮಾಂಶದ ತತ್ವ ಮಾತಾಡುತ್ತೀರಿ, ನಮ್ಮನ್ನು ಎಲ್ಲರೂ ಕೇಳುವುದು ಎಸ್ಸೆಸ್ಸೆಲ್ಸಿ ಫಲಿತಾಂಶ ಎಷ್ಟು ಎಂದು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ‘ಪಾಸಿಂಗ್ ಪ್ಯಾಕೇಜ್’ ಮಾಡಿ ಗ್ರಾಫ್, ರಚನೆ, ಎರಡು ಮೂರು ಪ್ರಮೇಯ ರೂಢಿಮಾಡಿಸಿ ದಾಟಿಸುವುದು ಅವರ ಮೇಲಿರುವ ಒತ್ತಡದ ಫಲ. ಫೇಲಾದ ಮಗುವಿನ ಮುಂದೆ ಬಾಗಿಲು ಮುಚ್ಚುತ್ತದೆಂದು ತಿಳಿದವರು ಅದನ್ನು ಮಾಡದೆ ಇರಲಾರರು, ನಾನೂ ಅವರನ್ನು ತಪ್ಪೆನ್ನಲಾರೆ. ಆದರೆ ಆ ಮಗು ಹತ್ತನೆಯದಕ್ಕೆ ಬಂದು ಹೀಗೆ ನಿಲ್ಲಲು ಕಾರಣವಾದ ಸಂಗತಿ ಬಹುಪಾಲು ನಾಲ್ಕು, ಐದನೇ ತರಗತಿಯಲ್ಲಿ ನಡೆದುಹೋಗಿರುತ್ತದೆ. 52ರಲ್ಲಿ 27 ಕಳೆದು 35 ಎಂದು ಬರೆದ ಮಗುವಿಗೆ ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಹೇಳಿ ಮುಂದೆ ಹೋದ ದಿನ ಅದು ನಡೆದಿರುತ್ತದೆ. ಆ ಮಗು ಎರಡು ಅಂಕಿಗಳಲ್ಲಿ ಚಿಕ್ಕದನ್ನು ದೊಡ್ಡದರಿಂದ ಕಳೆಯಬೇಕು ಎಂಬ ನಿಯಮವನ್ನು ಪಾಲಿಸಿತ್ತು. ಒಂದನೇ ತರಗತಿಯಲ್ಲಿ ನಾವೇ ಅದಕ್ಕೆ ಆ ನಿಯಮ ಹೇಳಿಕೊಟ್ಟಿದ್ದೆವು. 52 ಎಂದರೆ ಐದು ಹತ್ತು, ಎರಡು ಬಿಡಿ, ಬೇಕಾದಾಗ ನಾಲ್ಕು ಹತ್ತು, ಹನ್ನೆರಡು ಬಿಡಿ ಎಂದು ಬಿಚ್ಚಿಡಬಹುದು ಎಂಬುದು ಅದಕ್ಕೆ ಕಾಣಲೇ ಇಲ್ಲ. ಅಲ್ಲಿ ಸರಿಪಡಿಸಿದ್ದರೆ ಎಷ್ಟೋ ಮಕ್ಕಳಿಗೆ ಹತ್ತನೆಯದರಲ್ಲಿ ಪ್ಯಾಕೇಜ್ ಬೇಕಾಗುತ್ತಲೇ ಇರಲಿಲ್ಲ. ಗಣಿತ ಶಿಕ್ಷಕರ ತರಬೇತಿಗೆ ಇರುವ ಹಣ ಕಡಿಮೆಯಾದರೆ ಅದರ ದೊಡ್ಡ ಪಾಲು ಕಿರಿಯ ಪ್ರಾಥಮಿಕಕ್ಕೆ ಹೋಗಬೇಕೆಂದು ನಾನು ವಾದಿಸುತ್ತೇನೆ.

ಲಕ್ಷಾಂತರ ಶಿಕ್ಷಕರಿರುವ ರಾಜ್ಯದಲ್ಲಿ ಇದೆಲ್ಲ ಹೇಗೆ ಎಂಬ ಪ್ರಶ್ನೆಗೆ ಬರೋಣ. ಇದಕ್ಕಾಗಿ ಹೊಸದಾಗಿ ಕಟ್ಟಬೇಕಾದ್ದು ಬಹಳವಿಲ್ಲ. 1986ರ ಶಿಕ್ಷಣ ನೀತಿಯಿಂದ ಡಯಟ್‌ಗಳು ಬಂದವು, 90ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದಿಂದ (ಡಿಪಿಇಪಿ) ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು ಬಂದವು. ಹತ್ತಾರು ಶಾಲೆಗಳ ಒಂದೊಂದು ಕ್ಲಸ್ಟರಿಗೆ ಒಬ್ಬ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಇದ್ದಾರೆ. ಶಿಕ್ಷಕರು ತಿಂಗಳಿಗೊಮ್ಮೆ ಸೇರುವ ಸಮಾಲೋಚನಾ ಸಭೆ ಎಂಬುದೂ ಕಾಗದದ ಮೇಲಿದೆ. ಹೋಶಂಗಾಬಾದಿನವರು ಕಷ್ಟಪಟ್ಟು ಕಟ್ಟಿದ ಮಾಸಿಕ ಸಭೆಯ ಚೌಕಟ್ಟು ನಮಗೆ ಸಿದ್ಧವಾಗಿ ಸಿಕ್ಕಿದೆ. ಆ ಸಭೆಯಲ್ಲಿ ನಡೆಯುವುದೇನು? ಬಿಸಿಯೂಟದ ಅಂಕಿ, ವಿದ್ಯಾರ್ಥಿವೇತನದ ಪಟ್ಟಿ, ಸ್ಯಾಟ್ಸ್ ತಂತ್ರಾಂಶದಲ್ಲಿ ತುಂಬದೆ ಉಳಿದ ವಿವರ, ಮುಂದಿನ ವಾರದೊಳಗೆ ಕೊಡಬೇಕಾದ ನಮೂನೆಗಳು. ಊಟದ ಹೊತ್ತಿಗೆ ಸಭೆ ಮುಗಿಯುತ್ತದೆ. ಸಿಆರ್‌ಪಿ ಕೂಡ ಒಂದು ಕಾಲದಲ್ಲಿ ಒಳ್ಳೆಯ ಶಿಕ್ಷಕರೆಂದೇ ಆಯ್ಕೆಯಾದವರು. ಇಂದು ಅವರು ಮಾಹಿತಿ ಸಂಗ್ರಹಿಸುವ ಕೆಲಸದಲ್ಲಿ ಮುಳುಗಿಹೋಗಿದ್ದಾರೆ.

ಆ ಒಂದು ದಿನವನ್ನು ಶಿಕ್ಷಕರಿಗೆ ವಾಪಸ್ ಕೊಡಬೇಕು. ಪ್ರತಿಯೊಬ್ಬರೂ ತಮ್ಮ ತರಗತಿಯ ಐದು ಮಕ್ಕಳ ನೋಟ್‌ಬುಕ್ ತರಲಿ, ಒಂದೇ ಪಾಠದ್ದು. ತಪ್ಪು ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯಲಿ. ಈ ಮಗು ಯಾಕೆ ಹೀಗೆ ಮಾಡಿತು ಎಂದು ಊಹಿಸಲಿ, ಊಹೆ ಸರಿಯೇ ಎಂದು ತಿಳಿಯಲು ಯಾವ ಎರಡನೇ ಪ್ರಶ್ನೆ ಕೇಳಬೇಕೆಂದು ತೀರ್ಮಾನಿಸಲಿ, ಶಾಲೆಗೆ ಹೋಗಿ ಕೇಳಿ ಮುಂದಿನ ತಿಂಗಳು ಬಂದು ಹೇಳಲಿ. ಜಪಾನಿನ ಶಾಲೆಗಳಲ್ಲಿ ಇದಕ್ಕೆ ಹತ್ತಿರದ ಒಂದು ಪದ್ಧತಿ ಮೇಜಿ ಕಾಲದಿಂದ ಬೆಳೆದುಬಂದಿದೆ. ಶಿಕ್ಷಕರು ಸೇರಿ ಒಂದು ಪಾಠವನ್ನು ವಾರಗಟ್ಟಲೆ ಯೋಜಿಸುತ್ತಾರೆ, ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳ ಕಡೆ ನೋಡುತ್ತಾರೆ, ಆಮೇಲೆ ಪಾಠವನ್ನು ತಿದ್ದುತ್ತಾರೆ. ಪಾಠ ಮಾಡಿದವರ ಗುಣದೋಷ ಅಲ್ಲಿ ಚರ್ಚೆಯ ವಿಷಯವಲ್ಲ, ಪಾಠದ ಗುಣದೋಷ ಚರ್ಚೆಯ ವಿಷಯ. ನಮ್ಮಲ್ಲಿ ಶಿಕ್ಷಕರು ಒಬ್ಬರ ತರಗತಿಗೆ ಇನ್ನೊಬ್ಬರು ಕಾಲಿಡಲು ಸಂಕೋಚಪಡುತ್ತಾರೆ, ಯಾಕೆಂದರೆ ಇಷ್ಟು ದಿನ ಅಲ್ಲಿ ಬಂದು ಕೂತವರೆಲ್ಲ ತಪ್ಪು ಹುಡುಕಲೇ ಬಂದವರು. ಆ ಭಯ ಹೋಗಲು ಸಮಯ ಬೇಕು, ಮುಖ್ಯೋಪಾಧ್ಯಾಯರ, ಬಿಇಒ ಅವರ ಬೆಂಬಲ ಬೇಕು.

ಇನ್ನೊಂದು ಎಚ್ಚರಿಕೆ. ಬರೀ ಶಿಕ್ಷಕರು ಸೇರಿ ಮಾತಾಡಿದರೆ ಎಲ್ಲ ಸರಿಹೋಗುತ್ತದೆಂದು ನಂಬುವುದೂ ತಪ್ಪು. ಮೇಣದಬತ್ತಿಯ ಬಗ್ಗೆ ಇಪ್ಪತ್ತು ಜನರೂ ಒಂದೇ ತಪ್ಪನ್ನು ನಂಬಿದ್ದರೆ ಸಭೆಯಲ್ಲಿ ಆ ತಪ್ಪು ಗಟ್ಟಿಯಾಗುತ್ತದೆ ಅಷ್ಟೆ. ಹೋಶಂಗಾಬಾದಿನಲ್ಲಿ ವಿಜ್ಞಾನಿಗಳು ಜೊತೆಗಿದ್ದುದು ಇದಕ್ಕಾಗಿಯೇ. ನಮ್ಮಲ್ಲಿ ಅಂಥವರಿಗೆ ಬರವಿಲ್ಲ. ಮೈಸೂರಿನಲ್ಲಿ 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ, ವಿಜ್ಞಾನವನ್ನೂ ಶಿಕ್ಷಣವನ್ನೂ ಒಟ್ಟಿಗೆ ನಾಲ್ಕು ವರ್ಷ ಕಲಿಸುವ ಕೋರ್ಸು ಅಲ್ಲಿ ದೇಶಕ್ಕೇ ಮಾದರಿಯಾಗಿ ನಡೆದುಬಂದಿದೆ. ಚಳ್ಳಕೆರೆಯ ಬಳಿ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರ ಶಿಕ್ಷಕರನ್ನು ವಸತಿ ಶಿಬಿರಕ್ಕೆ ಕರೆದು ಪ್ರಯೋಗಾಲಯದಲ್ಲಿ ಕೆಲಸ ಮಾಡಿಸುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ದಶಕಗಳಿಂದ ಕನ್ನಡದಲ್ಲಿ ವಿಜ್ಞಾನ ಬರೆಯಬಲ್ಲ ಅಧ್ಯಾಪಕರ ಪಡೆಯನ್ನೇ ಬೆಳೆಸಿತು. ಬಹುತೇಕ ತಾಲ್ಲೂಕುಗಳಲ್ಲಿ ಪದವಿ ಕಾಲೇಜಿದೆ, ಹಲವು ಕಡೆ ಭೌತವಿಜ್ಞಾನ, ಗಣಿತದ ಅಧ್ಯಾಪಕರಿದ್ದಾರೆ. ಅವರಲ್ಲಿ ಒಬ್ಬರು ತಿಂಗಳಿಗೊಂದು ದಿನ ಹತ್ತಿರದ ಕ್ಲಸ್ಟರಿಗೆ ಬರಲು, ಆ ದಿನವನ್ನು ಅವರ ಕರ್ತವ್ಯವೆಂದೇ ಪರಿಗಣಿಸಲು ಉನ್ನತ ಶಿಕ್ಷಣ ಇಲಾಖೆ ಒಪ್ಪಬೇಕು. ಅವರೂ ಕಲಿಸಲೆಂದು ಬರದೆ ಕಲಿಯಲೂ ಬರಬೇಕು, ಏಕೆಂದರೆ ಮಗುವಿನ ತಪ್ಪು ಅವರಿಗೂ ಹೊಸದೇ.

ಹಾಗೇ ಏಕೋಪಾಧ್ಯಾಯ ಶಾಲೆಗಳ ಮಾತು. ಶಿಕ್ಷಕರು ಸಭೆಗೆ ಹೋದರೆ ಅಲ್ಲಿ ಶಾಲೆಯೇ ಮುಚ್ಚುತ್ತದೆ. ಬದಲಿ ವ್ಯವಸ್ಥೆ ಮಾಡದೆ ಅವರನ್ನು ಕರೆಯುವುದು ಅವರಿಗೂ ಮಕ್ಕಳಿಗೂ ಮಾಡುವ ಅನ್ಯಾಯ. ಖಾಲಿ ಹುದ್ದೆ ತುಂಬುವ ಕೆಲಸವನ್ನು ತರಬೇತಿಯಿಂದ ಬೇರೆ ಮಾಡಿ ನೋಡಲಾಗದು. ಎರಡು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡವರಿಗೆ ಒಂದು ಮಗುವಿನ ಯೋಚನೆ ಕೇಳಿಸಿಕೊಳ್ಳುವಷ್ಟು ಬಿಡುವೇ ಇರುವುದಿಲ್ಲ.

ಶಿಕ್ಷಣ ಇಲಾಖೆಯಲ್ಲಿ ಈ ಲೇಖನ ಓದುವ ಅಧಿಕಾರಿಗಳಲ್ಲಿ ನನ್ನದು ಒಂದು ವಿನಂತಿ. ಮುಂದಿನ ಜೂನ್‌ನಿಂದ ಒಂದೊಂದು ತಾಲ್ಲೂಕಿನಲ್ಲಿ ಎರಡು ಕ್ಲಸ್ಟರ್ ಆಯ್ದುಕೊಳ್ಳಿ. ಅಲ್ಲಿ ಸಮಾಲೋಚನಾ ಸಭೆಗೆ ಯಾವ ನಮೂನೆಯನ್ನೂ ತರಬಾರದು, ಗಣಿತದ ನೋಟ್‌ಬುಕ್ ಮತ್ತು ಪ್ರಯೋಗದ ಸಾಮಾನು ಮಾತ್ರ ತರಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ. ಮೂರು ವರ್ಷ ಅದನ್ನು ಮುಟ್ಟದೆ ನಡೆಯಲು ಬಿಡಿ, ಹೆಸರು ಬದಲಿಸಬೇಡಿ, ಅದಕ್ಕೊಂದು ಆ್ಯಪ್ ಮಾಡಬೇಡಿ. ಅಷ್ಟರಲ್ಲಿ ಏನಾಯಿತೆಂದು ಆ ಶಿಕ್ಷಕರನ್ನೇ ಕರೆದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ, ಆಮೇಲೆ ರಾಜ್ಯದ ಉಳಿದ ಭಾಗದ ಬಗ್ಗೆ ತೀರ್ಮಾನಿಸಿ.